ಖಾಲಿ ಎಂದು ಬರೆದ ಒಂಬತ್ತು ಪುಸ್ತಕಗಳು

ಅನುಮತಿ ಪತ್ರ ನೋಡಿದ ಕೂಡಲೇ ಗುಮಾಸ್ತ ಗೋವಿಂದರಾಜ ಗಂಟಲು ಸರಿಮಾಡಿಕೊಂಡ. ಮೆಹಬೂಬಬೀಗೆ ಆಗಲೇ ಅನುಮಾನ ಬಂತು.

ಉರ್ದು ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದ ಆಕೆಗೆ ಹಳೆಯ ಪಾರ್ಸಿ, ಅಂದರೆ ಪರ್ಷಿಯನ್ ಭಾಷೆಯ, ಕೈಬರಹ ಓದಲು ಬರುತ್ತಿತ್ತು. ಯಲಬುರ್ಗಾದ ತಾಲ್ಲೂಕು ಕಚೇರಿಯ ಹಿಂದಿನ ಕೋಣೆಯಲ್ಲಿ ಆ ಭಾಷೆಯಲ್ಲಿ ಬರೆದ, ಇನ್ನೂರು ವರ್ಷ ಹಳೆಯ ಒಂಬತ್ತು ಖಜಾನೆ ಪುಸ್ತಕಗಳಿದ್ದವು. ನಾಲ್ಕನೆಯದರಲ್ಲಿ ಆಕೆಗೊಂದು ಪಟ್ಟಿ ಸಿಕ್ಕಿತ್ತು. ಕೆರೆಯ ಏರಿ ಕಟ್ಟುವಾಗ ಮಣ್ಣು ಕುಸಿದು ಸತ್ತ ಅರವತ್ತಮೂರು ಕೂಲಿಯವರ ಹೆಸರುಗಳು. ಹೆಣಕ್ಕೆ ಹೊದಿಸುವ ಬಟ್ಟೆ ಖಜಾನೆಯಿಂದ ಹೋಗಿತ್ತು, ಹಾಗಾಗಿ ಯಾರಿಗೆ ಎಂದು ಬರೆದಿಟ್ಟಿದ್ದರು. ಇಲ್ಲದಿದ್ದರೆ ಯಾವ ದೊರೆ ಬರೆಸುತ್ತಿದ್ದ ಅವರ ಹೆಸರನ್ನು? ಆ ಹಾಳೆಗಳನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಅವರಿರಲಿಲ್ಲ.

ನಕಲು ಮಾಡಿಕೊಳ್ಳಲು ಲಿಖಿತ ಅನುಮತಿ ಬೇಕೆಂದಿದ್ದರು. ಜಿಲ್ಲೆ ಒಡೆದು ವರ್ಷವಾಗಿತ್ತಷ್ಟೆ. ಹಳೆಯ ಜಿಲ್ಲಾ ಕಚೇರಿಗೆ ಹೋದರೆ ಹೊಸದಕ್ಕೆ ಹೋಗು ಎಂದರು, ಹೊಸದಕ್ಕೆ ಹೋದರೆ ಹಳೆಯದಕ್ಕೆ. ಐದು ತಿಂಗಳು ಬಸ್ಸಿನಲ್ಲಿ ಅಲೆದು ತಂದ ಕಾಗದ ಅದು.

“ಅಕ್ಕೋರ, ಆ ಪುಸ್ತಕ ಹೋದ ವಾರ ರದ್ದಿಗೆ ಹೋದ್ವು ನೋಡ್ರಿ. ಅರದು ರಟ್ಟು ಮಾಡಿಬಿಟ್ಟಾರ. ಹೆಂಗೂ ಖಾಲಿ ಇದ್ವಲ್ರಿ.”

“ಖಾಲಿ?”

“ನಾನ ತೆರದು ನೋಡೀನ್ರಿ. ಒಂಬತ್ತಕ್ಕ ಒಂಬತ್ತೂ. ಮೊದಲ ಏಳೆಂಟು ಹಾಳ್ಯಾಗ ಒಂದು ಅಕ್ಷರ ಇದ್ದಿಲ್ಲ. ‘ಬಳಸದ ಪುಸ್ತಕ’ ಅಂತ ಪಟ್ಟಿ ಮಾಡಿದ್ವಿ.”

ಮೇಜಿನ ಮೇಲಿದ್ದ ಹಾಜರಿ ಪುಸ್ತಕವನ್ನು ಆಕೆ ಅವನ ಮುಂದೆ ತಳ್ಳಿದಳು. “ಹೆಂಗ ತೆರದೆಪ್ಪ, ತೋರಿಸು.”

ಅವನು ಕನ್ನಡ ಪುಸ್ತಕ ತೆರೆಯುವ ಹಾಗೆ ಬೆನ್ನು ಎಡಗಡೆ ಇಟ್ಟು ಮೇಲಿನ ರಟ್ಟು ಎತ್ತಿದ.

ಮೆಹಬೂಬಬೀಗೆ ಮೈಯೆಲ್ಲ ಉರಿದುಹೋಯಿತು. “ಅದು ಪುಸ್ತಕದ ಕೊನಿಯೋ ಮೂರ್ಖ! ಪಾರ್ಸಿ ಬಲಗಡಿಂದ ಸುರು ಆಗತೈತಿ. ಕೊನಿಗೆ ಬರೀದ ಉಳಿದ ಹಾಳಿ ನೋಡಿ ಖಾಲಿ ಅಂದಿ! ನಡುವ ಒಮ್ಮಿ ತೆರಿಯಾಕ ನಿನ್ನ ಕೈ ಸವೀತಿದ್ವೇನು?”

“ಬೈಬ್ಯಾಡ್ರಿ ಅಕ್ಕೋರ. ಅಷ್ಟು ಬೇಕಿದ್ರ ಓದುವಾಗನ ಬರಕೊಬೇಕಿತ್ತು. ಆ ಖೋಲ್ಯಾಗ ನಿಮ್ಮನ್ನ ಯಾರು ನೋಡಾಕ ಬರ್ತಿದ್ರು?”

ಹೌದು, ಕೋಣೆಯಲ್ಲಿ ಒಬ್ಬಳೇ ಇದ್ದಳು, ಚೀಲದಲ್ಲಿ ಪೆನ್ಸಿಲ್ಲೂ ಇತ್ತು. ನಿಯಮ ಎಂದು ಕೈಕಟ್ಟಿ ಕೂತಿದ್ದಳು. ಅವನ ಮೇಲಿದ್ದ ಸಿಟ್ಟಿಗಿಂತ ತನ್ನ ಮೇಲಿನ ಸಿಟ್ಟು ದೊಡ್ಡದಾಯಿತು.

“ಪೆನ್ನು ತಗೋ,” ಎಂದಳು. “ನಾಶ ಆದ ಪುಸ್ತಕದಾಗ ಏನಿತ್ತು ಅಂತ ನಿನ್ನ ಪಟ್ಟಿಯೊಳಗ ಬರಿ. ವಡ್ಡರ ದುರುಗಿ. ಅಕಿ ಮಗಳು ಯಂಕಿ. ಓಬಳೆಪ್ಪ. ಕುಂಟ ಹನುಮ. ಮುದಕಮ್ಮ.”

ಗೋವಿಂದರಾಜ ತಲೆ ತಗ್ಗಿಸಿ ಬರೆದ. ಆಕೆ ನಿಲ್ಲಿಸಿದಾಗ ಮುಖ ಎತ್ತಿದ.

“ಇಷ್ಟ ಏನ್ರಿ?”

“ಇನ್ನೂ ಐವತ್ತೆಂಟು ಮಂದಿ ಅದಾರ.”

“ಹೇಳ್ರಿ, ಬರಕೋತೀನಿ.”

ಮೆಹಬೂಬಬೀ ಮೇಜನ್ನು ಗುದ್ದಿದಳು. ಇನ್ನೊಮ್ಮೆ ಗುದ್ದಿದಳು. ಒಂದು ಹೆಸರೂ ನೆನಪಿಗೆ ಬರಲಿಲ್ಲ.