ಮುಟ್ಟಿ ಕಲಿಯುವ ಲೆಕ್ಕ

ನಾನು ಅಪ್ಪನ ದನಿಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಾಗ ಅಪ್ಪನೇ ಹಿಂದೆ ಬಂದು ನಿಂತಿದ್ದರು.

"ನಾನು ಸೇತುರಾಮ, ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಆ ಮರದ ಕಡ್ಡಿ ಡಬ್ಬಿ ಶನಿವಾರ ಬಂದು ವಾಪಸ್ ತಗೊಂಡ್ಹೋಗಿ. ಕಾರಣವಾ? ಮಗೂಗೆ ಹಿಡಿಸ್ಲಿಲ್ಲ. ಹೌದಪ್ಪ, ನನ್ನ ಹೆಸರಲ್ಲಿ ಇದು ನಾಲ್ಕನೇದು. ಏನೀಗ?" ಎಂದು, ನಡುನಡುವೆ ಅಪ್ಪನ ಹಾಗೆಯೇ ಎರಡೆರಡು ಸಲ ಕೆಮ್ಮಿ ಕರೆ ಮುಗಿಸಿದೆ. ಬಾಲ್ಕನಿ ಬಾಗಿಲಲ್ಲಿ ಅಸಲಿ ಕೆಮ್ಮು ಕೇಳಿಸಿತು.

"ನಾನು ಅಷ್ಟು ಗೊಗ್ಗರಾಗಿ ಮಾತಾಡ್ತೀನೇನೋ ಅಭಿರಾಮ?"

"ಫೋನಲ್ಲಿ ಸ್ವಲ್ಪ ಜಾಸ್ತಿ ಅಪ್ಪ."

"ಅದಿರ್ಲಿ. ನಾನ್ ಯಾವಾಗ ಮರದ ಕಡ್ಡಿ ತರಿಸ್ದೆ?"

ಹೇಳಲೇಬೇಕಾಯಿತು. ನನ್ನ ಅಣ್ಣನ ಹೆಂಡತಿ ಗೌತಮಿ ಅತ್ತಿಗೆ, ಆರು ವರ್ಷದ ನಂದಿತಾಳನ್ನು ಶಾಲೆಗೆ ಸೇರಿಸದೆ ನಮ್ಮ ಬ್ಯಾಟರಾಯನಪುರದ ಮನೆಯಲ್ಲೇ ಓದಿಸುತ್ತಿದ್ದರು. ಕನ್ನಡ ಬಂತು, ಇಂಗ್ಲಿಷ್ ಬಂತು, ಚಿತ್ರಕಲೆಯಂತೂ ಗೋಡೆಗೇ ಬಂತು. ಗಣಿತ ಮಾತ್ರ ಅಗಣಿತವಾಗಿ ಉಳಿದಿತ್ತು. ಮಗು ಕೈಯಿಂದ ಮುಟ್ಟಿ, ಜೋಡಿಸಿ, ಬೀಳಿಸಿ ಗಣಿತ ಕಲಿಯಬೇಕು, ಅದಕ್ಕೆ ಸರಿಯಾದ ಕಿಟ್ ಬೇಕು ಎಂದು ಅತ್ತಿಗೆ ತರಿಸುತ್ತಿದ್ದರು, ನೋಡುತ್ತಿದ್ದರು, ಹತ್ತು ದಿನದೊಳಗೆ ವಾಪಸ್ ಕಳಿಸುತ್ತಿದ್ದರು. ಆರನೆಯ ಡಬ್ಬಿ ವಾಪಸ್ ಹೋದಾಗ ಆನ್‌ಲೈನ್ ಅಂಗಡಿಯವರು ಅವರ ಖಾತೆಗೆ ಬೀಗ ಹಾಕಿದರು. ಏಳನೆಯದು ನನ್ನ ಹೆಸರಿಗೆ ಬಂತು. ಮೂರು ತಿಂಗಳು ಹಾಕಿಕೊಂಡು ವಾಪಸ್ ಮಾಡಿದ ಶೂಗಳ ಹಳೇ ಕೇಸು ನನ್ನ ಮೇಲೆ ಇದ್ದುದರಿಂದ ಆ ಒಂದಕ್ಕೇ ನನ್ನ ಖಾತೆಗೂ ಬೀಗ ಬಿತ್ತು. ಆಮೇಲೆ ಅಪ್ಪನ ಹೆಸರು. ಈಗ ಹನ್ನೊಂದು.

ಅಪ್ಪ ಒಳಗೆ ಹೋಗಿ ಅತ್ತಿಗೆಯ ಎದುರು ನಿಂತರು. ಯಶವಂತಪುರದ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಲೆಕ್ಕ ಹೇಳಿಕೊಟ್ಟವರು. ಮನೆಯಲ್ಲಿ ಉಪ್ಪು ಕೇಳಿದರೂ ಕೊನೇ ಬೆಂಚಿಗೆ ಪ್ರಶ್ನೆ ಕೇಳಿದ ಹಾಗಿರುತ್ತದೆ.

"ನೋಡಮ್ಮ ಗೌತಮಿ. ಒಂಬತ್ತು ತಿಂಗಳಿಂದ ಡಬ್ಬಿ ಬರುತ್ತೆ, ಡಬ್ಬಿ ಹೋಗುತ್ತೆ, ಲೆಕ್ಕ ಬರಲ್ಲ. ಮುಂದಿನ ಶನಿವಾರ ಒಂದು ಗಂಟೆಗೆ ಕೊಡಿಗೇಹಳ್ಳಿ ಗೇಟ್ ಹತ್ರದ ಸ್ಕೂಲಲ್ಲಿ ಅಡ್ಮಿಷನ್ ಮುಗೀತದೆ. ಅಷ್ಟರೊಳಗೆ ಮಗು ನನ್ನೆದುರು ಒಂದೇ ಒಂದು ಲೆಕ್ಕ ಮಾಡಿ ತೋರಿಸ್ಲಿ. ತೋರಿಸಿದ್ರೆ ಮನೇಲೇ ಕಲೀಲಿ, ನಾನ್ ಬಾಯ್ ಬಿಡಲ್ಲ. ಇಲ್ದಿದ್ರೆ ಒಂದನೇ ಕ್ಲಾಸಿಗೆ ಸೇರಿಸೋದೇ."

"ಆಗ್ಲಿ ಮಾವ," ಎಂದರು ಅತ್ತಿಗೆ. ಮುಖ ಬಿಳಿಚಿತ್ತು.

ಅವರ ಹೆದರಿಕೆ ನನಗೆ ಗೊತ್ತಿತ್ತು. ಒಮ್ಮೆ ಹೇಳಿದ್ದರು: "ನಾಲ್ಕನೇ ಕ್ಲಾಸಲ್ಲಿ ಏಳೆಂಟ್ಲ ಎಷ್ಟು ಅಂತ ಮಿಸ್ ಕೇಳೋಕ್ ಮುಂಚೆನೇ ನನ್ನ ಬೆರಳು ತಾವಾಗೇ ಮುದುರ್ಕೋತಿದ್ವು ಅಭಿ. ಸ್ಕೇಲ್ ಏಟು ಆಮೇಲೆ ಬೀಳೋದು. ಇವತ್ತಿಗೂ ಹಾಲಿನ ಪ್ಯಾಕೆಟ್ ಎಣಿಸುವಾಗ ಎದೆ ಹೊಡ್ಕೊಳತ್ತೆ. ನಂದೂಗೆ ಅದೊಂದು ಬರಬಾರ್ದು." ಕೆಲಸ ಬಿಟ್ಟು ಮನೆಯಲ್ಲಿ ಕೂತದ್ದು ಅದಕ್ಕಾಗಿಯೇ. ಬಿಟ್ಟ ಕೆಲಸ ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಪೀಣ್ಯದ ಒಂದು ಫ್ಯಾಕ್ಟರಿಯ ಖರೀದಿ ವಿಭಾಗದಲ್ಲಿ ಹನ್ನೆರಡು ವರ್ಷ. ಮೂರು ಕೊಟೇಶನ್ ಕೈಗೆ ಬಾರದೆ ಗುಂಡುಸೂಜಿಯನ್ನೂ ಕೊಂಡವರಲ್ಲ. ಒಂದು ಕಿಟ್ ಚೆನ್ನಾಗಿದೆ ಅನ್ನಿಸಿದ ಕೂಡಲೇ ಅವರ ತುಟಿಯಿಂದ ಬರುತ್ತಿದ್ದ ಮಾತು, "ಇದಕ್ಕಿಂತ ಒಳ್ಳೇದು ಇದ್ರೆ?"

ಇದಕ್ಕಿಂತ ಒಳ್ಳೆಯದು ಯಾವಾಗಲೂ ಇರುತ್ತಿತ್ತು. ಇದೆ ಎಂದು ಹೇಳುವುದಕ್ಕೇ ಯಲಹಂಕ ನ್ಯೂಟೌನಿನಲ್ಲಿ ಚಿತ್ರಾ ಇದ್ದರು. ಮನೆಯಲ್ಲೇ ಮಕ್ಕಳನ್ನು ಓದಿಸುವ ಐದು ಸಂಸಾರಗಳ ಗುಂಪಿಗೆ ಅವರೇ ಹಿರಿಯರು. ನಿದ್ದೆ ಹೋದ ಕೂಸನ್ನು ಎಬ್ಬಿಸಬಾರದು ಎನ್ನುವಂತೆ, ಇಡೀ ವಾಕ್ಯವನ್ನು ಉಸಿರಲ್ಲೇ ಆಡುತ್ತಾರೆ. "ಮಗುವಿಗೆ ಐದು ಅಂತ ಹೇಳ್ಬೇಡಿ, ಗೌತಮೀ... ಐದನ್ನ ಪರಿಚಯಾನೂ ಮಾಡಿಸ್ಬೇಡಿ... ಐದು ತಾನಾಗೇ ಬಂದು ಮಗುವಿನ ಪಕ್ಕ ಕೂತ್ಕೊಳ್ಲಿ..."

"ಐದು ಬಂದಿತ್ತು ಅತ್ತಿಗೆ," ಎಂದು ನಾನು ಅದೇ ಉಸಿರಲ್ಲಿ ಹೇಳಿದ್ದೆ, "ಕೂತ್ಕೊಳ್ತು... ಯಾರೂ ಮಾತಾಡಿಸ್ಲಿಲ್ಲ... ಕಾಫಿ ಕುಡ್ದು ಎದ್ದು ಹೋಯ್ತು..."

ನಂದಿತಾ ನಕ್ಕಿದ್ದಳು. ಅತ್ತಿಗೆ ನಕ್ಕಿರಲಿಲ್ಲ.

ನನ್ನ ಅಮ್ಮ ಗೋದಾ ಒಂದು ದಿನ ಅವರೆಕಾಳು ಬಿಡಿಸುತ್ತ, "ಇದನ್ನೇ ಎಣಿಸಿದ್ರೆ ಆಗಲ್ವೇನೇ? ಕೈಗೂ ಸಿಗುತ್ತೆ," ಎಂದರು. ಅತ್ತಿಗೆ ಚಿತ್ರಾಗೆ ಫೋನ್ ಮಾಡಿದರು. ಕಾಳುಗಳೆಲ್ಲ ಒಂದೇ ಅಳತೆ ಇರುವುದಿಲ್ಲ, ಮಗುವಿನ ಮನಸ್ಸಿನಲ್ಲಿ 'ಒಂದು' ಎಂಬುದು ಗಟ್ಟಿಯಾಗುವುದಿಲ್ಲ ಎಂದು ಉತ್ತರ ಬಂತು. "ಸಾರಲ್ಲಿ ಗಟ್ಟಿಯಾಗುತ್ತೆ ಬಿಡು," ಎಂದು ಅಮ್ಮ ಕಾಳನ್ನು ಒಳಗೆ ಒಯ್ದರು.

ಆದರೆ ನಿಜವಾದ ತಮಾಷೆ ಚಿತ್ರಾರದಲ್ಲ, ನಮ್ಮ ಮನೆಯದು. ನಮ್ಮಲ್ಲಿ ಟಿವಿ ರಿಮೋಟು ಐದು ವರ್ಷದಿಂದ ಪ್ಲಾಸ್ಟಿಕ್ ಕವರಿನಲ್ಲೇ ಬಾಳುತ್ತಿದೆ. ವಾಲ್ಯೂಮ್ ಬಟನ್ ಯಾವುದೆಂದು ಕಾಣದೆ ಅಂದಾಜಿನಲ್ಲಿ ಒತ್ತುತ್ತೇವೆ. ಅಣ್ಣ ಗುರುಚರಣನ ಕಾರಿನ ಸೀಟಿಗೆ ಕಂಪನಿ ಹಾಕಿಕೊಟ್ಟ ಪ್ಲಾಸ್ಟಿಕ್ ಹರಿದರೂ ಬಿಚ್ಚಿಲ್ಲ. ಬೇಸಿಗೆಯಲ್ಲಿ ಇಳಿಯುವಾಗ ಸೀಟೂ ಜೊತೆಗೆ ಏಳುತ್ತದೆ. ಇಂಥ ಮನೆಗೆ 'ಗೆರೆ ಬಿದ್ದರೆ, ಒಂದು ತುಂಡು ಕಳೆದರೆ ವಾಪಸ್ ತೆಗೆದುಕೊಳ್ಳುವುದಿಲ್ಲ' ಎಂಬ ಷರತ್ತಿನ ಮೇಲೆ ಹೊಳೆಯುವ ಮರದ ತುಂಡುಗಳು ಬಂದವು. ಕೈಯಿಂದ ಮುಟ್ಟಿ ಕಲಿಯುವ ಗಣಿತ, ಸರಿ. ಮುಟ್ಟಿದರೆ ಕಲೆಯಾಗುತ್ತದೆ, ಅದೂ ಸರಿ.

ಹೀಗಾಗಿ ನಂದಿತಾ ನೋಡುತ್ತಿದ್ದಳು. ಅತ್ತಿಗೆ ಚಾಪೆಯ ಮೇಲೆ ಬಿಳಿ ಪಂಚೆ ಹಾಸಿ, ತುಂಡುಗಳನ್ನು ಜೋಡಿಸಿ, "ನೋಡು ಪುಟ್ಟಿ, ಎಷ್ಟು ಚೆನ್ನಾಗಿದೆ, ದೂರದಿಂದ," ಎನ್ನುತ್ತಿದ್ದರು. ಮ್ಯೂಸಿಯಮ್ಮಿಗೆ ಬಂದವಳ ಹಾಗೆ ಮಗು ಕೈ ಹಿಂದೆ ಕಟ್ಟಿ ಒಂದು ಸುತ್ತು ಹಾಕಿ ಹೋಗುತ್ತಿದ್ದಳು.

ಅವಳಿಗೆ ಮುಟ್ಟುವ ಅವಕಾಶ ಸಿಗುತ್ತಿದ್ದದ್ದು ಒಂದೇ ಹೊತ್ತಿನಲ್ಲಿ, ವಾಪಸ್ ಕಟ್ಟುವಾಗ. ತುಂಡುಗಳನ್ನು ಪಟ್ಟಿಯ ಪ್ರಕಾರ ಎಣಿಸಿ ಒಪ್ಪಿಸಬೇಕು. ಅತ್ತಿಗೆ ಎಣಿಸಿದರೆ ಒಂದು ಸಲ ತೊಂಬತ್ತು, ಇನ್ನೊಂದು ಸಲ ತೊಂಬತ್ತೆರಡು. ಎರಡು ಡಬ್ಬಿಗಳು ಲೆಕ್ಕ ತಪ್ಪಿ ಬಾಗಿಲಿಂದಲೇ ಮನೆಯೊಳಗೆ ಹಿಂದಿರುಗಿದ್ದವು. ಮೂರನೆಯದನ್ನು, ತನ್ನಮ್ಮ ಮತ್ತೆ ಮತ್ತೆ ಮೊದಲಿಂದ ಎಣಿಸುವುದನ್ನು ನೋಡಲಾರದೆ, ಮಗುವೇ ಎಣಿಸಿತು. ಆಮೇಲೆ ಅದು ಅವಳ ಕೆಲಸವಾಯಿತು. ಮನೆಯಲ್ಲಿ ಯಾರೂ ಅದನ್ನು ಗಣಿತ ಎಂದುಕೊಳ್ಳಲಿಲ್ಲ. ಪ್ಯಾಕಿಂಗ್ ಎಂದುಕೊಂಡೆವು.

ಗಡುವಿನ ವಾರವೆಲ್ಲ ಅತ್ತಿಗೆ ಮಲಗಿದ್ದೇ ಕಡಿಮೆ. ಕೊನೆಗೆ ಹನ್ನೆರಡನೆಯದನ್ನು ಆರಿಸಿದರು. ಅಮ್ಮನ ಹೆಸರಿಗೆ ತರಿಸಿದ್ದು, ಇನ್ನೂರ ಹತ್ತು ತುಂಡು, ಎಲ್ಲದರ ಅಂಚೂ ನುಣುಪು. ಶುಕ್ರವಾರ ಬಂತು. ಅದರ ಸೀಲಿನ ಮೇಲೆ ಕೆಂಪಕ್ಷರದಲ್ಲಿ, ಸೀಲ್ ಒಡೆದರೆ ವಾಪಸ್ ಇಲ್ಲ ಎಂದಿತ್ತು.

ಶನಿವಾರ ಬೆಳಗ್ಗೆ ಹತ್ತೂವರೆಗೆ ಅಪ್ಪ ಅಡ್ಮಿಷನ್ ಫಾರಂ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತರು. ಅತ್ತಿಗೆ ಡಬ್ಬಿಯ ಮುಂದೆ ತರಕಾರಿ ಚಾಕು ಹಿಡಿದು ಕೂತರು. ಇಪ್ಪತ್ತು ನಿಮಿಷವಾದರೂ ಚಾಕು ಸೀಲಿಗೆ ತಾಗಲಿಲ್ಲ.

"ಒಡೀತಿ ತಾನೆ?" ಎಂದರು ಅಪ್ಪ.

"ಒಡೀತೀನಿ ಮಾವ. ಇನ್ನೊಂದ್ಸಲ ರಿವ್ಯೂ ನೋಡ್ಬಿಟ್ಟು."

ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಹನ್ನೊಂದನೆಯ ಡಬ್ಬಿಯನ್ನು ಒಯ್ಯಲು ಹಬೀಬುಲ್ಲಾ ಬಂದಿದ್ದ. ನಮ್ಮ ರಸ್ತೆಯ ವಾಪಸಾತಿಗಳೆಲ್ಲ ಅವನದೇ; ನಮ್ಮ ಮನೆಯಿಂದಲೇ ಅವನ ಅರ್ಧ ಕೆಲಸ.

"ನಮಸ್ಕಾರ ಮೇಡಮ್. ಇದೂ ಹಿಡಿಸ್ಲಿಲ್ವಾ?" ಎನ್ನುತ್ತ ಅವನು ಹೊಸ್ತಿಲಲ್ಲೇ ಕೂತು ಡಬ್ಬಿ ತೆರೆದು ಎಣಿಸಿದ. "ನೂರ ಹತ್ತೊಂಬತ್ತು ಐತೆ. ಪಟ್ಟೀಲಿ ನೂರ ಇಪ್ಪತ್ನಾಕು. ತಗಳಕಾಗಲ್ಲ ಮೇಡಮ್, ಫೋನಲ್ಲಿ ಆಪ್ ಬಿಡಲ್ಲ."

ಅತ್ತಿಗೆಯ ಕೈ ಕುತ್ತಿಗೆಗೆ ಹೋಯಿತು. ನಂದಿತಾ ಬಣ್ಣದ ಪೆನ್ಸಿಲ್ ಕೆಳಗಿಟ್ಟು ಎದ್ದು ಬಂದಳು.

"ಐದು ಕಮ್ಮಿ ಎಣಿಸಿದೀರ ಅಂಕಲ್. ಹಸಿರುದ್ದು ಐದು ಮುಚ್ಚಳದ ಒಳಗಡೆ ಇರುತ್ತೆ, ನೋಡಿ. ಒಂದೊಂದೇ ಎಣಿಸ್ಬೇಡಿ, ಮರ್ತೋಗುತ್ತೆ. ಸಾಲು ನೋಡಿ. ಹಸಿರುದ್ದೂ ಸೇರಿದ್ರೆ ಹನ್ನೆರಡು ಸಾಲು, ಸಾಲಿಗೆ ಹತ್ತು. ಮೇಲೆ ನಾಕು."

ಹಬೀಬುಲ್ಲಾ ಮುಚ್ಚಳ ತಟ್ಟಿದ. ಐದು ಹಸಿರು ತುಂಡು ಅಂಗೈಗೆ ಬಿದ್ದವು. "ಕರೆಕ್ಟ್ ಐತೆ ಬೇಟಿ," ಎಂದ.

ಅಪ್ಪ ಕುರ್ಚಿಯಿಂದ ಎದ್ದರು. "ನಂದಿತಾ, ಇಲ್ಲಿ ನೋಡು. ನೂರ ಇಪ್ಪತ್ನಾಲ್ಕರಲ್ಲಿ ಏಳು ಕಳ್ದೋದ್ರೆ?"

"ವಾಪಸ್ ತಗೊಳಲ್ಲ."

"ಎಷ್ಟು ಉಳಿಯುತ್ತೆ ಅಂತ ಕೇಳ್ದೆ."

"ನೂರ ಹದಿನೇಳು. ಆದ್ರೂ ವಾಪಸ್ ತಗೊಳಲ್ಲ ತಾತ."

ನನ್ನ ಜನ್ಮದಲ್ಲಿ ಅಪ್ಪ ಯಾರಿಗೂ ಪೂರ್ತಿ ಅಂಕ ಕೊಟ್ಟದ್ದು ನೋಡಿರಲಿಲ್ಲ. ಫಾರಂ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. "ಗೆದ್ದೆ ಕಣಮ್ಮ ಗೌತಮಿ. ಮನೇಲೇ ಕಲೀಲಿ. ನನ್ನ ಹತ್ತನೇ ಕ್ಲಾಸಿನ ಗಡವರಿಗೂ ಸಾಲು ನೋಡೋ ಬುದ್ಧಿ ಇರ್ಲಿಲ್ಲ."

ಹಬೀಬುಲ್ಲಾ ಡಬ್ಬಿ ಹೆಗಲಿಗೇರಿಸಿ ಇಳಿದು ಹೋದ. ಅತ್ತಿಗೆ ಮಾಡಿದ ಮೊದಲ ಕೆಲಸ ಚಿತ್ರಾಗೆ ಫೋನ್. ಸಂತೋಷಕ್ಕೆ ಸ್ಪೀಕರ್ ಹಾಕಿಬಿಟ್ಟಿದ್ದರು.

"ನೂರ ಇಪ್ಪತ್ನಾಲ್ಕಾ..." ಎಂದಿತು ಆ ಉಸಿರು. "ಇಷ್ಟು ಬೇಗ ಬಾಯಿಗೆ ಬಂದ್ಬಿಟ್ರೆ ಅನುಭವ ಒಳಗೆ ಇಳಿಯಲ್ಲ ಗೌತಮೀ... ಗಾಬರಿಯಾಗ್ಬೇಡಿ... ಕಲ್ತಿದ್ದನ್ನ ನಿಧಾನವಾಗಿ ಮರೆಸೋಕೆ ಒಂದು ಕಿಟ್ ಇದೆ... ಲಿಂಕ್ ಕಳಿಸ್ಲಾ..."

ಅತ್ತಿಗೆ ನನ್ನ ಕಡೆ ನೋಡಿದರು. ನಾನು ಅಣಕಿಸಲು ಬಾಯಿ ತೆರೆದವನು ಮುಚ್ಚಿದೆ; ಅದಕ್ಕಿಂತ ಚೆನ್ನಾಗಿ ಅಣಕಿಸಲು ನನಗೆ ಬರುತ್ತಿರಲಿಲ್ಲ. "ಬೇಡ ಚಿತ್ರಾ, ನನ್ನ ಮಗೂಗೆ ಲೆಕ್ಕ ಬರುತ್ತೆ," ಎಂದು ಫೋನ್ ಕೆಳಗಿಟ್ಟು, ಅದೇ ಹುರುಪಿನಲ್ಲಿ ಚಾಕು ತೆಗೆದುಕೊಂಡು ಸರ್ರನೆ ಸೀಲ್ ಸೀಳಿದರು. ಇನ್ನೂರ ಹತ್ತು ತುಂಡುಗಳನ್ನೂ ನೆಲಕ್ಕೆ ಸುರಿದರು. ಅಡುಗೆಮನೆಯಿಂದ ಅಮ್ಮ ಓಡಿ ಬಂದರು.

"ತಗೋ ನಂದು. ಎಲ್ಲಾ ನಿಂದೇ. ಏನ್ ಬೇಕಾದ್ರೂ ಮಾಡ್ಕೋ."

ನಂದಿತಾ ರಾಶಿಯ ಪಕ್ಕ ಕೂತಳು. ಡಬ್ಬಿಯೊಳಗೆ ಕೈಹಾಕಿ ಪಟ್ಟಿ ಹುಡುಕಿದಳು. ತುಂಡುಗಳನ್ನು ಬಣ್ಣದ ಪ್ರಕಾರ ಸಾಲಿಟ್ಟು ನೋಡಿದಳು. "ಇನ್ನೂರ ಹತ್ತು ಸರಿಯಾಗಿದೆ ಅಮ್ಮ," ಎಂದು ಒಂದೊಂದೇ ಸಾಲನ್ನು ಡಬ್ಬಿಯೊಳಗಿಡಲು ಶುರುಮಾಡಿದಳು.

"ಹಂಗಲ್ಲ ಪುಟ್ಟಿ. ಆಟ ಆಡು."

"ಆಡಿದ್ನಲ್ಲ."

"ಏನಾದ್ರೂ ಕಟ್ಟು. ಗೋಪುರ ಕಟ್ಟು."

"ಕಟ್ಟಿದ್ರೆ ಬೀಳುತ್ತೆ. ಬಿದ್ರೆ ಗೆರೆ ಆಗುತ್ತೆ. ಇದನ್ನ ತಗೊಂಡ್ಹೋಗೋಕೆ ಹಬೀಬ್ ಅಂಕಲ್ ಯಾವತ್ತು ಬರ್ತಾರೆ?"

"ಬರಲ್ಲ. ಇದು ವಾಪಸ್ ಹೋಗಲ್ಲ."

ಮಗುವಿನ ಕೈ ಅಲ್ಲೇ ನಿಂತಿತು. ತನ್ನಮ್ಮನ ಮುಖ ನೋಡಿ, ಸಣ್ಣ ದನಿಯಲ್ಲಿ, "ಯಾಕಮ್ಮ, ನಾನೇನ್ ಮಾಡ್ದೆ?" ಎಂದು ಕೇಳಿತು.

ನನಗೆ ಯಾರ ದನಿಯೂ ಒದಗಲಿಲ್ಲ. ಅತ್ತಿಗೆ ಮಗಳ ಪಕ್ಕ ಕೂತು, ಅವಳ ಕೈಯಲ್ಲಿದ್ದ ತುಂಡನ್ನು ಬಿಡಿಸಿಕೊಂಡು ನೆಲದ ಮೇಲಿಟ್ಟರು. ಆಮೇಲೆ ಅಪ್ಪನ ಕಡೆ ಕೈ ಚಾಚಿದರು.

"ಮಾವ, ಫಾರಂ ಕೊಡಿ."

"ಯಾಕಮ್ಮ? ಲೆಕ್ಕ ಬಂತಲ್ಲ."

"ಲೆಕ್ಕ ಬಂತು ಮಾವ. ಆಡೋಕೆ ಬರಲ್ಲ ಇವಳಿಗೆ."

ಅಪ್ಪ ಜೇಬಿನ ಮೇಲೆ ಕೈಯಿಟ್ಟುಕೊಂಡರು. ಗೆದ್ದವರು ಸೋಲೊಪ್ಪಿಕೊಳ್ಳುವುದು ಅವರ ಯಾವ ಸೂತ್ರಕ್ಕೂ ಸರಿಹೊಂದುತ್ತಿರಲಿಲ್ಲ. "ಸ್ಕೂಲಲ್ಲಿ ಆಡಿಸ್ತಾರೆ ಅಂತ ಯಾರು ಹೇಳಿದ್ರಮ್ಮ ನಿಂಗೆ? ಮೂವತ್ತೆರಡು ವರ್ಷದಲ್ಲಿ ನಾನ್ ಯಾರನ್ನೂ ಆಡಿಸಿಲ್ಲ."

"ನೀವು ಆಡಿಸಿರಲ್ಲ. ಪಕ್ಕದಲ್ಲಿ ಕೂತಿರೋ ಮಗು ಆಡಿಸುತ್ತೆ. ಅದರ ಪೆನ್ಸಿಲ್ ಇವಳು ಮುರೀಲಿ, ಇವಳ ರಬ್ಬರ್ ಅದು ಕಚ್ಲಿ. ಯಾವ ಮಿಸ್ಸಾದ್ರೂ ಸ್ಕೇಲ್ ಎತ್ತಿದ್ರೆ ನಾನೇ ಹೋಗಿ ನಿಂತ್ಕೋತೀನಿ. ಈಗ ಟೈಮೆಷ್ಟು ಅಭಿ?"

"ಹನ್ನೆರಡು ಹತ್ತು ಅತ್ತಿಗೆ."

ಫಾರಂ ಜೇಬಿನಿಂದ ಬಂತು. ಅತ್ತಿಗೆ ಅದನ್ನು ಹನ್ನೆರಡನೆಯ ಡಬ್ಬಿಯ ಮುಚ್ಚಳದ ಮೇಲಿಟ್ಟು ಬರೆದರು. ಪೆನ್ನು ಒತ್ತಿದ ಕಡೆಯೆಲ್ಲ ಮುಚ್ಚಳದಲ್ಲಿ ಗುರುತು ಬೀಳುತ್ತಿತ್ತು, ನಂದಿತಾ ಅದನ್ನೇ ಕಣ್ಣು ಬಿಟ್ಟು ನೋಡುತ್ತಿದ್ದಳು. 'ಹಿಂದಿನ ಶಾಲೆ' ಎಂಬಲ್ಲಿ 'ಮನೆ' ಎಂದು ಬರೆದರು. ಅದರ ಕೆಳಗೆ 'ಬಿಟ್ಟ ಕಾರಣ' ಎಂದಿತ್ತು.

"ಅದನ್ನ ಖಾಲಿ ಬಿಡೋ ಹಾಗಿಲ್ಲ," ಎಂದರು ಅಪ್ಪ, ಮೇಷ್ಟ್ರ ದನಿಯಲ್ಲಿ.

ಅತ್ತಿಗೆ ಪೆನ್ನು ಹಿಡಿದು ಒಂದು ನಿಮಿಷ ಯೋಚಿಸಿದರು. ಆ ಜಾಗದಲ್ಲಿ ಅಡ್ಡಕ್ಕೊಂದು ಗೆರೆ ಎಳೆದು, ಮಗಳ ಚಪ್ಪಲಿ ಹುಡುಕಲು ಎದ್ದರು.