ಒಂಟಿ ತಟ್ಟೆಗೆ ಸಾರು ಬಡಿಸದ ಹೊನ್ನಕ್ಕ

ಹೊನ್ನಕ್ಕ ನಡೆಯುವಾಗ ಬಲಗೈಯ ಸೌಟು ಆಕೆಗಿಂತ ಒಂದು ಹೆಜ್ಜೆ ಮುಂದಿರುತ್ತದೆ. ಸೀರೆಯ ಮೇಲೊಂದು ಗಂಡಸರ ಖಾಕಿ ಅಂಗಿ, ಮೊಣಕೈವರೆಗೆ ಮಡಿಸಿದ ತೋಳು, ಎಡಗಾಲನ್ನು ತುಸು ಎಳೆದು ಹಾಕುವ ನಡಿಗೆ. ಪುರವರ ಹೋಬಳಿಯ ಆ ಸಣ್ಣ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಗಂಟೆ ಬಾರಿಸುವ ಮೊದಲೇ ಆ ಎಳೆತದ ಸದ್ದಿಗೆ ಮಕ್ಕಳು ಜಗಲಿಯ ಮೇಲೆ ಸಾಲು ಹಿಡಿಯುತ್ತಾರೆ. ಹತ್ತೊಂಬತ್ತು ವರ್ಷಗಳಿಂದ ಅಲ್ಲಿ ಅಡುಗೆ ಮಾಡುತ್ತಿರುವ ಆಕೆಯದು ಒಂದೇ ಹಟ: ಒಂಟಿಯಾಗಿ ಕೂತ ಮಗುವಿನ ತಟ್ಟೆಗೆ ಸಾರು ಬೀಳುವುದಿಲ್ಲ.

"ಜೊತೆ ಎಲ್ಲಿ ಕಣ್ಲಾ?"

"ಎಲ್ರೂ ಠೂ ಬುಟ್ಟವ್ರೆ ಅಜ್ಜಿ."

"ಬುಟ್ರೆ ಬುಡ್ಲಿ. ಅವರಲ್ಲೇ ಒಬ್ಬನ್ನ ಎಳ್ಕೊಂಡು ಬಾ. ಬೈಕೊಂಡೇ ಉಣ್ಣಿ, ಆದ್ರೆ ಪಕ್ಕದಾಗೆ ಕೂತ್ಕೊಂಡು ಬೈಕೊಳ್ಳಿ."

ಕೈಕುಲುಕಿಸಿ 'ಸಾರಿ' ಹೇಳಿಸುವ ನಮ್ಮ ಶಾಲೆಗಳ ಶಾಸ್ತ್ರದಲ್ಲಿ ಆಕೆಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಹೊನ್ನಕ್ಕ ಹುಟ್ಟಿದ್ದು ಕುರಿ ಸಾಕುವ ಹಟ್ಟಿಯಲ್ಲಿ. ದೀಪಾವಳಿ ಕಳೆದು ಪಾವಗಡದ ಕಡೆ ಕಡಲೆಕಾಯಿ ಕಿತ್ತ ಹೊಲಗಳು ತೆರೆದುಕೊಂಡಾಗ ಹಟ್ಟಿಯ ಕುಟುಂಬಗಳು ಮಂದೆಯೊಡನೆ ಹೊರಟರೆ ಹಿಂತಿರುಗುವುದು ಶಿವರಾತ್ರಿಯ ಆಸುಪಾಸಿನಲ್ಲಿ. ಹಾಗೆ ಹೋಗಿ ಬಂದ ಒಂದು ವರ್ಷ, ನಾಲ್ಕನೆಯ ತರಗತಿಯ ಹುಡುಗಿ ಹೊನ್ನಕ್ಕನಿಗೆ ತನ್ನ ಗೆಳತಿಯ ಪಕ್ಕದಲ್ಲಿ ಬೇರೊಬ್ಬಳು ಕಂಡಳು. ಸರಿದು ಜಾಗ ಕೊಡುವವರು ಯಾರೂ ಇರಲಿಲ್ಲ. ಮರುದಿನದಿಂದ ಆಕೆ ಶಾಲೆಗೆ ಹೋಗಲಿಲ್ಲ. ಮನೆಯವರು ಬಿಡಿಸಿದರೆಂದು ಊರು ತಿಳಿದಿದೆ. ಬಿಡಿಸಿದ್ದು ಅಂಗೈಯಗಲದ ಆ ಜಾಗ.

ಆದ್ದರಿಂದಲೇ ಆಕೆಯ ಎರಡನೆಯ ಕಟ್ಟಳೆ. ಒಂದು ಮಗು ದೂರ ಹೋದರೆ ಅದರ ತಟ್ಟೆಯನ್ನು ಗೆಳೆಯನೋ ಗೆಳತಿಯೋ ದಿನವೂ ತನ್ನದರ ಜೊತೆ ತೊಳೆದು ಪಕ್ಕದಲ್ಲಿ ಇಟ್ಟುಕೊಂಡೇ ಉಣ್ಣಬೇಕು. ಖಾಲಿ ತಟ್ಟೆ ಕಾದರೆ ಜಾಗವೂ ಕಾಯುತ್ತದೆ.

ಆರೇಳು ವರ್ಷಗಳ ಹಿಂದೆ ಐದನೆಯ ತರಗತಿಯ ದಿವ್ಯ ಅಪ್ಪ ಅಮ್ಮನೊಡನೆ ಮಂದೆಯ ಹಿಂದೆ ಹೋದಳು. ತಟ್ಟೆ ಶ್ರೀಲತಾಳ ಪಾಲಿಗೆ ಬಂತು. ಶ್ರೀಲತಾ ದೊಡ್ಡಹನುಮಯ್ಯನ ಮಗಳು. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಬಂದು ಎಷ್ಟೋ ವರ್ಷವಾದರೂ ಊರು ಮಾತ್ರ ಆ ಮನೆಯನ್ನು ಇಂದಿಗೂ ಹಳೆಯ ಜಾತಿಯ ಹೆಸರಿನಿಂದಲೇ ಗುರುತಿಸುತ್ತದೆ. ಸುದ್ದಿ ಹಟ್ಟಿಗೆ ಮುಟ್ಟಿತು. ದಿವ್ಯಳ ತಾತ ಹುಚ್ಚಣ್ಣ, ಅಂದರೆ ಹೊನ್ನಕ್ಕನ ಒಡಹುಟ್ಟಿದ ಅಣ್ಣ, ಶಾಲೆಯ ಜಗಲಿ ಹತ್ತಿದ.

"ಲೇ ಹೊನ್ನಿ, ನನ್ನ ಮೊಮ್ಮಗಳ ತಟ್ಟೇನ ಆ ಕೇರಿ ಹುಡ್ಗಿ ಕೈಲಿ ತೊಳೆಸ್ತೀಯಂತೆ?"

"ಹೂಂ. ಹೋದ್ ವರ್ಸ ಆ ಹುಡ್ಗಿ ಜ್ವರ ಬಂದು ಮಲಗಿದ್ದಾಗ ಅವಳ ತಟ್ಟೆ ಮೂರು ವಾರ ತೊಳೆದಿದ್ದು ನಿನ್ನ ಮೊಮ್ಮಗಳೇ. ಅದನ್ಯಾರೂ ಹೇಳ್ಲಿಲ್ವಾ?"

ಹುಚ್ಚಣ್ಣನ ಮುಖ ಇನ್ನಷ್ಟು ಕಪ್ಪಿಟ್ಟಿತು. ತಟ್ಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ಇನ್ಮೇಲೆ ಅವಳು ಮನೇಲೇ ಉಣ್ತಾಳೆ. ನೀನೂ ನಮ್ಮ ಹಟ್ಟಿ ಕಡೆ ತಲೆ ಹಾಕಬ್ಯಾಡ." ಮುಖ್ಯೋಪಾಧ್ಯಾಯ ನಾಗಭೂಷಣ್ ಹಾಜರಿ ಪುಸ್ತಕವನ್ನು ಅಷ್ಟು ಶ್ರದ್ಧೆಯಿಂದ ಓದಿದ್ದು ಅದೇ ಮೊದಲಂತೆ. ಅವರ ಬೆನ್ನ ಹಿಂದಿನ ಗೋಡೆಯಲ್ಲಿ 'ನಾವೆಲ್ಲರೂ ಒಂದೇ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು.

ಮರುದಿನ ಶ್ರೀಲತಾ ನಲ್ಲಿಯ ಬಳಿ ಬರಿಗೈಯಲ್ಲಿ ನಿಂತಳು. "ಅಜ್ಜಿ, ಈಗೇನು ತೊಳೀಲಿ?"

ಹೊನ್ನಕ್ಕ ಸೌಟನ್ನು ಜಗಲಿಯತ್ತ ಚಾಚಿದಳು. "ಅವಳು ಕೂರೋ ಜಾಗ ತೊಳಿ ಕಣಮ್ಮ. ಅದನ್ನ ಹೊತ್ಕೊಂಡು ಹೋಗಕ್ಕೆ ಯಾರಿಗೂ ಆಗಾಕಿಲ್ಲ."

ಮೂರು ತಿಂಗಳು ಆ ಮಗು ದಿನವೂ ಒಂದು ಚೊಂಬು ನೀರು ಚೆಲ್ಲಿ ಆ ಜಾಗವನ್ನು ಉಜ್ಜಿ, ಅದರ ಪಕ್ಕದಲ್ಲೇ ಕೂತು ಉಂಡಿತು; ಹೊನ್ನಕ್ಕನ ಲೆಕ್ಕದಲ್ಲಿ ಆ ಜಾಗವೇ ಅವಳ ಜೊತೆ. ಹುಡುಗರು ನಕ್ಕರು, ಹಟ್ಟಿಯ ಮಕ್ಕಳು ದೂರ ಸರಿದು ಕೂತರು, ಹೊನ್ನಕ್ಕನ ಸ್ವಂತ ತವರು ಆಕೆಗೆ ಮುಚ್ಚಿಹೋಯಿತು. ಧೂಳು ಹಿಡಿದ ಆ ಕಡಪ ಕಲ್ಲಿನ ಜಗಲಿಯಲ್ಲಿ ಒಂದು ಚೌಕ ಮಾತ್ರ ಕನ್ನಡಿಯಂತೆ ಹೊಳೆಯತೊಡಗಿತು.

ಶಿವರಾತ್ರಿಯ ಹಿಂದಿನ ವಾರ ದಿವ್ಯ ಬಂದಳು, ಬಿಸಿಲಿಗೆ ಕಂದಿ, ನಾಲಿಗೆಯ ತುದಿಗೆ ನಾಲ್ಕು ತೆಲುಗು ಮಾತು ಅಂಟಿಸಿಕೊಂಡು. "ಬಂದ್ಲು ಕಣ್ರೋ ಏಮಿ ದಿವ್ಯ!" ಎಂದು ತರಗತಿ ಕೇಕೆ ಹಾಕಿತು. ಮಧ್ಯಾಹ್ನ ಕರೆದೊಯ್ಯಲು ಹುಚ್ಚಣ್ಣ ಗೇಟಿನಲ್ಲೇ ನಿಂತಿದ್ದ. ಹುಡುಗಿ ತಾತನನ್ನು ನೋಡಿದಳು, ಜಗಲಿಯನ್ನು ನೋಡಿದಳು. ಆಗ ತನ್ನ ಮನಸ್ಸಿನಲ್ಲಿದ್ದುದನ್ನು ಹೊನ್ನಕ್ಕ ನನ್ನ ಬಳಿ ಮುಚ್ಚಿಡಲಿಲ್ಲ. ಕರೆಯಬಾರದು, ಕರೆದರೆ ಅದು ನನ್ನ ಗೆಲುವಾಗುತ್ತದೆ, ಮಕ್ಕಳದಲ್ಲ, ಎಂದು ಹಲ್ಲು ಕಚ್ಚಿ ನಿಂತಿದ್ದಳಂತೆ.

ದಿವ್ಯ ಬಂದು ಹೊಳೆಯುವ ಚೌಕದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮುಂದೆ ತಟ್ಟೆಯಿಲ್ಲ. ಶ್ರೀಲತಾ ತನ್ನ ತಟ್ಟೆಯನ್ನು ಇಬ್ಬರ ನಡುವೆ ಸರಿಸಿದಳು. ಹೊನ್ನಕ್ಕ ಅದೇ ತಟ್ಟೆಗೆ ಎರಡು ಸೌಟು ಸಾರು ಸುರಿದಳು. ಎರಡು ಪುಟ್ಟ ಕೈಗಳು ಒಂದೇ ಅನ್ನದ ರಾಶಿಯನ್ನು ಎರಡು ಕಡೆಯಿಂದ ಕೆಡವುತ್ತಿದ್ದವು.

ಗೇಟಿನಿಂದ ಹುಚ್ಚಣ್ಣನ ದನಿ ಬಂತು, ಅರ್ಧ ಗದರಿಕೆ, ಅರ್ಧ ಗೊಣಗು. "ಒಂದೇ ತಟ್ಟೇಲಿ ಇಬ್ರಿಗೆ ಹೆಂಗಾಯ್ತದೆ ಲೇ? ಇನ್ನೊಂಚೂರು ಹಾಕು."

"ಯಾರಿಗೆ ಹಾಕ್ಲಿ?"

"ಇಬ್ರಿಗೂ ಹಾಕೇ, ಬಾಯಿಬಡುಕಿ!"

ಇದನ್ನು ಹೃದಯ ಪರಿವರ್ತನೆ ಎಂದು ಬರೆಯಲು ನನ್ನ ಲೇಖನಿ ಒಪ್ಪುವುದಿಲ್ಲ. ಹುಚ್ಚಣ್ಣ ಸೋತ. ಅವನು ಒಳ್ಳೆಯವನಾಗುವವರೆಗೆ ಕಾಯುತ್ತಾ ಕೂರಲು ಮಕ್ಕಳಿಗೆ ಪುರುಸೊತ್ತಿರಲಿಲ್ಲ. ಆ ಹುಡುಗಿಯರು ಈಗ ಮಧುಗಿರಿಯಲ್ಲಿ ಪಿಯುಸಿ ಓದುತ್ತಿದ್ದಾರೆ. ಬಸ್ಸಿನಲ್ಲಿ ಒಂದೇ ಸೀಟಿಗೆ ಜಗಳವಾಡಿ, ಜಗಳ ಮುಗಿಯುವ ಮೊದಲೇ ಅದರಲ್ಲೇ ಒತ್ತಿಕೊಂಡು ಕೂರುತ್ತಾರೆ.

ಮಕ್ಕಳ ಗೆಳೆತನ ತಾನಾಗಿ ಬೆಳೆಯುತ್ತದೆ ಎಂದು ಹೇಳಿಕೊಂಡು ತಿರುಗುವ ನಾವು, ಅದು ಎಲ್ಲಿ ಕೂರಬೇಕು, ಯಾರ ಪಕ್ಕ ಉಣ್ಣಬೇಕು ಎಂಬುದನ್ನು ಮಾತ್ರ ಹುಟ್ಟುವ ಮೊದಲೇ ನಿಶ್ಚಯಿಸಿರುತ್ತೇವೆ. ಗೆಳೆತನ ಹುಟ್ಟುವುದು ಸುಲಭ, ಎರಡು ಮಕ್ಕಳು ಸಾಕು; ಉಳಿಯಬೇಕಾದರೆ ಅದಕ್ಕೆ ತನ್ನವರೊಡನೆಯೇ ಹಗೆ ಕಟ್ಟಿಕೊಳ್ಳಬಲ್ಲ ಒಬ್ಬರು ದೊಡ್ಡವರು ಬೇಕು. ಅಂಥವರು ಭಾಷಣ ಮಾಡುವುದಿಲ್ಲ, ಮಕ್ಕಳ ಪರವಾಗಿ ಗೆಲ್ಲುವುದೂ ಇಲ್ಲ. ಮಕ್ಕಳು ತಾವೇ ಗೆಲ್ಲುವವರೆಗೆ ಅಡ್ಡ ಬಂದವರನ್ನು ತಡೆದು ನಿಲ್ಲುತ್ತಾರೆ, ಆಮೇಲೆ ಒಲೆಗೆ ಸೌದೆ ಒಟ್ಟಲು ಹೋಗುತ್ತಾರೆ.