ಒಂದೇ ಮೇಜಿನ ಮೇಲೆ ಪೂಜೆ

ಎರಡೂ ಸರ್ವರುಗಳನ್ನು ಒಂದೇ ಮೇಜಿನ ಮೇಲೆ ಕೂರಿಸಿ ಆಯುಧಪೂಜೆ ಮಾಡಿಸಿದ್ದು ತನುಜಾಳೇ. ತಪ್ಪನ್ನು ಬೇರೆ ಯಾರ ಮೇಲೂ ಹಾಕುವ ಹಾಗಿರಲಿಲ್ಲ.

ರಕ್ತದಾನಿಗಳ ಸಂಘಕ್ಕೆ ಅವಳು ಕಾರ್ಯದರ್ಶಿ. ಒಂದು ಸರ್ವರು ಶಿವಮೊಗ್ಗದ ವಿದ್ಯಾನಗರದ ಕಚೇರಿಯಲ್ಲಿತ್ತು, ಇನ್ನೊಂದು ಭದ್ರಾವತಿ ಶಾಖೆಯಲ್ಲಿ. ಅರವತ್ತು ಸಾವಿರ ದಾನಿಗಳಲ್ಲಿ ಯಾವ ಗುಂಪಿನವರು ಎಲ್ಲಿದ್ದಾರೆ ಅಂತ ಕಣ್ಣು ಮಿಟುಕಿಸುವಷ್ಟರಲ್ಲಿ ತೋರಿಸುವ ಇಂಡೆಕ್ಸು ಎರಡರಲ್ಲೂ ಇತ್ತು. ಒಂದು ಕೈಕೊಟ್ಟರೆ ಇನ್ನೊಂದು ಉತ್ತರ ಕೊಡಲಿ ಅಂತ ಜೋಡಿ. ಎರಡಕ್ಕೂ ಒಟ್ಟಿಗೆ ಏಟು ಬೀಳದಿರಲಿ ಅಂತ ಎರಡು ಊರು. ಸಮಿತಿಯವರ ತಲೆ ತಿಂದು ಇದನ್ನು ಒಪ್ಪಿಸಿದವಳೂ ಅವಳೇ. ಅಷ್ಟೆಲ್ಲ ತಿಳಿದ ಮಹಾತಾಯಿ, ಪೂಜೆ ಒಂದೇ ಕಡೆ ಆಗಲಿ, ಫೋಟೊ ಚೆನ್ನಾಗಿ ಬರುತ್ತೆ ಅಂತ ಭದ್ರಾವತಿಯದನ್ನು ಕಾರಿನಲ್ಲಿ ತರಿಸಿದಳು. ಆ ಶಾಖೆ ನೋಡಿಕೊಳ್ಳುವ ಸತೀಶ್ ಬೇಡ ಅಂದಿದ್ದ. ಎರಡು ದಿನ ತಾನೇ ಅಂತ ಅವನ ಬಾಯಿ ಮುಚ್ಚಿಸಿದಳು. ಎರಡು ದಿನ ಹೋಗಿ ಹನ್ನೆರಡು ದಿನವಾಯಿತು.

ಇವತ್ತು ಬೆಳಿಗ್ಗೆ ಹೋದ ಕರೆಂಟು ಹತ್ತಕ್ಕೆ ಬಂತು, ಬರುವಾಗ ಸಿಕ್ಕಾಪಟ್ಟೆ ವೋಲ್ಟೇಜು ಹೊತ್ತು ತಂತು. ಎರಡಕ್ಕೂ ಇದ್ದದ್ದು ಒಂದೇ ಯುಪಿಎಸ್ಸು. ಒಣಗಿದ ಸೇವಂತಿಗೆ ಹಾರದ ಅಡಿಯಿಂದ ಸುಟ್ಟ ವಾಸನೆ ಬಂತು.

ಹತ್ತೂವರೆಗೆ ಸತೀಶನ ಫೋನು, ಶಿವಮೊಗ್ಗದ ಆಸ್ಪತ್ರೆಯಿಂದ. ಹೆಂಡತಿ ಇಂಪನಾಗೆ ಹೆರಿಗೆಯಾಗಿದೆ, ಹೆಣ್ಣು ಮಗು, ಚೆನ್ನಾಗಿದೆ. ಆದರೆ ತಾಯಿಗೆ ರಕ್ತ ನಿಲ್ಲುತ್ತಿಲ್ಲ. ಅವಳದು ಅಪರೂಪದ ಬಾಂಬೆ ಗುಂಪು, ಬೇರೆ ಯಾವ ಗುಂಪಿನ ರಕ್ತವೂ ಅವಳಿಗೆ ಒಗ್ಗುವುದಿಲ್ಲ. ಬೆಂಗಳೂರಿನಿಂದ ತರಿಸಿದರೆ ಸಂಜೆಯಾಗುತ್ತದೆ, ಡಾಕ್ಟರು ಮಧ್ಯಾಹ್ನ ಎರಡರೊಳಗೆ ಬೇಕು ಅಂದಿದ್ದಾರೆ.

"ನಮ್ಮ ಲಿಸ್ಟಲ್ಲಿ ಒಬ್ಬರಾದ್ರೂ ಇರ್ತಾರೆ ಮೇಡಂ. ಒಂದ್ಸಲ ಹುಡುಕಿ ನೋಡಿ."

ಅವಳು ನಡೆದದ್ದನ್ನು ಹೇಳಿದಳು. ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಟೆಕ್ನಿಷಿಯನ್ ಯೋಗರಾಜ್ ಬಂದು ನೋಡಿ, ಇಂಡೆಕ್ಸನ್ನು ಹೊಸದಾಗಿ ಕಟ್ಟೋಕೆ ನಾಳೆಯಾಗುತ್ತೆ ಅಂದ. ದಾನಿಗಳು ಬರೆದುಕೊಟ್ಟ ಫಾರಂಗಳೇನೋ ಭದ್ರಾವತಿಯ ಬೀರುಗಳಲ್ಲಿ ಭದ್ರವಾಗಿದ್ದವು, ಒಂದೂ ಕಳೆದಿರಲಿಲ್ಲ. ಆದರೆ ಅವನ್ನು ಜೋಡಿಸಿದ್ದು ಶಿಬಿರ ನಡೆದ ತಾರೀಕಿನ ಪ್ರಕಾರ, ರಕ್ತದ ಗುಂಪಿನ ಪ್ರಕಾರ ಅಲ್ಲ.

ತನುಜಾ ಕಾರು ಓಡಿಸಿಕೊಂಡು ಭದ್ರಾವತಿಗೆ ಹೋದಳು. ಹನ್ನೊಂದೂಕಾಲಿಗೆ ಬೀರು ತೆಗೆದು ನೆಲದ ಮೇಲೆ ಕೂತಳು. ಗುಂಪು ಬರೆದಿರುವುದು ಫಾರಂನ ಬಲ ಮೂಲೆಯಲ್ಲಿ. ಓ, ಬಿ, ಓ, ಎ, ಬಿ. ಕಟ್ಟು ಬಿಚ್ಚುವುದು, ಮೂಲೆ ನೋಡುವುದು, ಪಕ್ಕಕ್ಕೆಸೆಯುವುದು. ಹನ್ನೆರಡೂವರೆಗೆ ಒಂದು ಬೀರಿನ ಅರ್ಧವೂ ಮುಗಿದಿರಲಿಲ್ಲ, ಅಂಥವು ಇನ್ನೂ ಏಳಿದ್ದವು. ಬೆರಳು ಒಣಗಿ ಹಾಳೆ ಹಿಡಿಯದಾದಾಗ ಎಂಜಲು ಹಚ್ಚಿಕೊಂಡು ತಿರುವಿದಳು. ಅಳು ಬರುತ್ತಿತ್ತು, ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಇಂಪನಾಗೆ ಏನಾದರೂ ಆದರೆ ಆ ಕೂಸಿನ ಮುಖ ಹೇಗೆ ನೋಡಲಿ ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಒಂದು ಇಪ್ಪತ್ತಕ್ಕೆ, ಆಯನೂರು ಶಿಬಿರದ ಕಟ್ಟಿನಲ್ಲಿ, ಕೆಂಪು ಶಾಯಿಯಲ್ಲಿ ಬರೆದದ್ದು ಕಂಡಿತು: ಬಾಂಬೆ. ಇದ್ದಾರೆ, ಒಬ್ಬರು ಇದ್ದೇ ಇದ್ದಾರೆ. ನಂಬರು ಒತ್ತಲು ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯ ಬೆರಳನ್ನು ಹೆಸರಿನ ಮೇಲಿಟ್ಟಳು.

ಇಂಪನಾ.

ಆರು ವರ್ಷದ ಹಿಂದಿನದು, ಮದುವೆಗೆ ಮುಂಚಿನದು. ಕೆಳಗೆ ದುಂಡನೆಯ ಕಾಲೇಜು ಅಕ್ಷರದಲ್ಲಿ ಬರೆದಿತ್ತು: ನನ್ನಂಥ ಗುಂಪಿನವರಿಗೆ ತುರ್ತಾಗಿ ಬೇಕಾದರೆ ಯಾವ ಹೊತ್ತಿನಲ್ಲಾದರೂ ಕರೆಯಿರಿ, ಬರುತ್ತೇನೆ.

ಅಷ್ಟರಲ್ಲಿ ಕೈಯಲ್ಲಿದ್ದ ಫೋನೇ ರಿಂಗಾಯಿತು. ಸತೀಶ್.

"ಯಾರಾದ್ರೂ ಸಿಕ್ರಾ ಮೇಡಂ?"

ಅವಳು ಫಾರಂ ಮಡಚಿ ಮಡಿಲಲ್ಲಿಟ್ಟುಕೊಂಡಳು.

"ಇನ್ನೂ ಇಲ್ಲ ಸತೀಶ್, ಹುಡುಕ್ತಾ ಇದೀನಿ," ಅಂದಳು, ಮುಂದಿನ ಕಟ್ಟಿನ ದಾರಕ್ಕೆ ಹಲ್ಲು ಹಾಕಿದಳು.